ಓರಗಿತ್ತಿಯರ ಸೊನ್ನೆ

"ಆಟ ನೋಡಿದ್ರೆ ಗೊತ್ತಾಗುತ್ತೆ ಮೇಡಂ" ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಏನು ಗೊತ್ತಾಗುತ್ತದೆ? ಬಾಸ್ಕೆಟ್ ಹಾಕಿದವಳು ಕಾಣುತ್ತಾಳೆ, ಚಪ್ಪಾಳೆ ಗಿಟ್ಟಿಸುತ್ತಾಳೆ. ಎದುರಾಳಿಗೆ ಅಡ್ಡ ನಿಂತು ಅವಳಿಗೆ ದಾರಿ ಮಾಡಿಕೊಟ್ಟವಳನ್ನು ಯಾರೂ ನೋಡುವುದಿಲ್ಲ. ನಾನೇ ಎಷ್ಟೋ ವರ್ಷ ಹಾಗೆ ಅಡ್ಡ ನಿಂತು ಮೊಣಕೈ ಏಟು ತಿಂದವಳು. ಆದ್ದರಿಂದ ಜಾಲಹಳ್ಳಿಯ ನಮ್ಮ ಮಹಿಳಾ ಬಾಸ್ಕೆಟ್‌ಬಾಲ್ ಕ್ಲಬ್ಬಿನವರು, "ಶ್ಯಾಮಲಾ, ಈ ವರ್ಷ ಆಯ್ಕೆಗೆ ಒಂದು ಲೆಕ್ಕ ಮಾಡ್ಕೊಡಿ" ಎಂದಾಗ ನನಗೆ ಹಬ್ಬವಾಯಿತು.

ಅವರು ಕೇಳಿದ್ದಕ್ಕೂ ಕಾರಣವಿತ್ತು. ಹೋದ ವರ್ಷ ಅಧ್ಯಕ್ಷ ಕೃಷ್ಣಪ್ಪನವರು ತಮ್ಮ ತಂಗಿಯ ಮಗಳು ವನಜಾಳನ್ನು ತಂಡಕ್ಕೆ ತೂರಿಸಿದ್ದರು. ಕೇಳಿದವರಿಗೆಲ್ಲ, "ಕಣ್ಣಾರೆ ನೋಡಿದೀನಿ ಕಣ್ರೀ, ಚೆನ್ನಾಗಿ ಆಡ್ತಾಳೆ" ಎಂಬ ಒಂದೇ ಉತ್ತರ. ದೊಡ್ಡ ರಂಪವಾಯಿತು. ಈ ಸಲ ಯಾರ ಕಣ್ಣೂ ಬೇಡ, ಯಾರ ಬಾಯೂ ಬೇಡ, ಅಂಕವೊಂದೇ ಸಾಕು ಎಂದು ಸಭೆಯಲ್ಲಿ ಗಟ್ಟಿಯಾಗಿ ಹೇಳಿದವಳು ನಾನೇ.

ಹಗಲಿಡೀ ಹೂಡಿಯ ಒಂದು ಕಂಪನಿಯಲ್ಲಿ ಯಾವ ಜಾಹೀರಾತು ನೋಡಿ ಎಷ್ಟು ಜನ ಸೋಪು ಕೊಂಡರು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಸೋಪಿಗೆ ಸುರಿಯುವ ಬುದ್ಧಿಯನ್ನು ಆಟಕ್ಕೆ ಸುರಿದರೆ ಪುಣ್ಯವಾದರೂ ಬಂದೀತು ಎನಿಸಿತು. ಲೆಕ್ಕದ ತಿರುಳು ಸರಳ. ಒಬ್ಬಳು ಅಂಗಳದಲ್ಲಿದ್ದಾಗ ನಮಗೆ ಬಂದ ಪಾಯಿಂಟು ಎಷ್ಟು, ಎದುರಾಳಿಗೆ ಬಿಟ್ಟುಕೊಟ್ಟದ್ದೆಷ್ಟು? ಅವಳು ಹೊರಗೆ ಕೂತಾಗ ಎಷ್ಟೆಷ್ಟು? ಎರಡಕ್ಕೂ ಇರುವ ವ್ಯತ್ಯಾಸವೇ ಅವಳಿಂದ ತಂಡಕ್ಕಾದ ಲಾಭ. ಪಕ್ಕದಲ್ಲಿ ಗಟ್ಟಿ ಆಟಗಾರ್ತಿಯರಿದ್ದರೆ ಶ್ರೇಯಸ್ಸನ್ನು ಹಂಚಬೇಕು, ಎದುರಾಳಿ ಬಲವಾಗಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಾಸ್ಕೆಟ್ ಯಾರು ಹಾಕಿದರು ಎಂಬುದು ಇಲ್ಲಿ ಮುಖ್ಯವೇ ಅಲ್ಲ. ಇದಕ್ಕೆ ನಾನು 'ಪರಿಣಾಮಾಂಕ' ಎಂದು ಹೆಸರಿಟ್ಟೆ. ನಮ್ಮ ಕೋಚ್ ಗುರುರಾಜ್, "ಹೆಸ್ರು ಕೇಳಿದ್ರೇ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ನೆನಪಾಗುತ್ತೆ" ಎಂದು ನಕ್ಕರು. ನಾನು ನಗಲಿಲ್ಲ.

ಪಂದ್ಯಗಳಿಗೆ ಹೋಗಲು ನನಗೆ ಬಿಡುವಿರಲಿಲ್ಲ. ಲೈಟುಕಂಬಕ್ಕೆ ಕಟ್ಟಿದ ಮೊಬೈಲಿನಲ್ಲಿ ವಿಡಿಯೋ ಮಾಡಿ ಕ್ಲಬ್ಬಿನವರು ಕಳಿಸುತ್ತಿದ್ದರು. ಅದರಲ್ಲಿ ಅಂಗಳ ಈ ತುದಿಯಿಂದ ಆ ತುದಿಯವರೆಗೆ ಚೆನ್ನಾಗಿ ಕಾಣುತ್ತಿತ್ತು, ಹೊರಗಿನ ಬೆಂಚು ಮಾತ್ರ ಕಾಣುತ್ತಿರಲಿಲ್ಲ. ಮೆಟ್ರೋದಲ್ಲಿ ಮನೆಗೆ ಬರುವಾಗ ಯಾರು ಒಳಗೆ ಹೋದರು, ಯಾರು ಹೊರಗೆ ಬಂದರು ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ಆಟ ನೋಡಲು ಇದಕ್ಕಿಂತ ಶುದ್ಧವಾದ ದಾರಿಯಿಲ್ಲ ಎಂದುಕೊಂಡಿದ್ದೆ.

ಹದಿನಾರು ಹುಡುಗಿಯರು, ಹನ್ನೆರಡು ಸ್ಥಾನ. ಫಲಿತಾಂಶ ಬಂತು. ಕೊನೆಯ ಇಬ್ಬರಿಗೆ ಎಂಥ ಮೈನಸ್ ಬಂದಿತ್ತೆಂದರೆ ಅವರ ತಾಯಂದಿರೂ ತಕರಾರು ಮಾಡುವಂತಿರಲಿಲ್ಲ. ವನಜಾ ಹನ್ನೆರಡನೆಯವಳು. ಅವಳು ಹೊರಗೆ ಬೀಳಲಿ ಎಂದು ನನಗೆ ಒಳಗೊಳಗೇ ಆಸೆಯಿತ್ತು, ಸುಳ್ಳೇಕೆ? ಆದರೆ ಈ ವರ್ಷ ಹುಡುಗಿ ದುಡಿದಿದ್ದಳು, ಅಂಕ ಅದನ್ನು ಹೇಳಿತು. ಹದಿಮೂರು ಮತ್ತು ಹದಿನಾಲ್ಕನೆಯವರು ಸುಮಂಗಲಾ, ವೇಣಿ. ಇಬ್ಬರದೂ ಹೆಚ್ಚುಕಡಿಮೆ ಸೊನ್ನೆ. ಅವರು ಒಳಗಿದ್ದರೂ ಒಂದೇ, ಹೊರಗಿದ್ದರೂ ಒಂದೇ ಎಂದು ಅದರ ಅರ್ಥ.

ಅವರಿಬ್ಬರೂ ನಾಗಸಂದ್ರದ ಹಳೆಯ ಒಕ್ಕಲು ಮನೆಯ ಸೊಸೆಯರು, ಅಣ್ಣತಮ್ಮಂದಿರನ್ನು ಮದುವೆಯಾದ ಓರಗಿತ್ತಿಯರು. ಹೊಲವಿದ್ದ ಕಡೆ ಈಗ ಸಾಲು ಬಾಡಿಗೆ ಮನೆಗಳಿವೆ. ಇಬ್ಬರೂ ಮದುವೆಗೆ ಮುಂಚೆ ಕಾಲೇಜು ತಂಡಗಳಲ್ಲಿ ಆಡಿದವರು. ಪಂದ್ಯಾವಳಿಗೆ ತಂಡದ ಪಟ್ಟಿ ಕೊಡುವುದಕ್ಕೆ ಹಿಂದಿನ ಭಾನುವಾರ ಪೀಣ್ಯದ ಒಂದು ತಂಡದೊಡನೆ ಅಭ್ಯಾಸ ಪಂದ್ಯವಿತ್ತು. ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲವೆಂದು ನಾನೇ ಹೋದೆ. ಆ ಋತುವಿನಲ್ಲಿ ನಾನು ನಮ್ಮ ತಂಡದ ಬೆಂಚಿನ ಮೇಲೆ ಕೂತದ್ದು ಅದೇ ಮೊದಲು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಗುರುರಾಜ್ ಸುಮಂಗಲಾಳನ್ನು ಹೊರಗೆ ಕರೆದರು. ಒಳಗೆ ಹೋಗಬೇಕಾದ ವೇಣಿ ಗೆರೆಯ ಪಕ್ಕ ಸಿದ್ಧವಾಗಿ ನಿಂತಿದ್ದಳು. ಅವಳ ಸೊಂಟದ ಮೇಲೆ ಒಂದು ಮಗು. ಸುಮಂಗಲಾ ಬೆವರು ಒರೆಸಿಕೊಂಡು ಕೈ ಚಾಚಿದಳು, ವೇಣಿ ಮಗುವನ್ನು ಅವಳಿಗೆ ಕೊಟ್ಟು ಒಳಗೆ ಓಡಿದಳು. ಬೆಂಚಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಎಲ್ಲರಿಗೂ ಅದು ಅಭ್ಯಾಸವಾಗಿತ್ತು.

"ಇದೇನು ಸಾರ್?" ಎಂದೆ.

"ವೇಣಿ ಮಗು. ಅತ್ತೆ ನೋಡ್ಕೊಳಲ್ವಂತೆ. ಆಡೋ ಆಸೆ ಇದ್ರೆ ಎತ್ಕೊಂಡ್ ಹೋಗಿ ಅಂದಿದಾರೆ. ಅದು ಇವರಿಬ್ರನ್ನ ಬಿಟ್ರೆ ಬೇರೆಯವರ ಹತ್ರ ಇರಲ್ಲ. ಅದಕ್ಕೆ ಒಬ್ಳು ಒಳಗೆ, ಒಬ್ಳು ಹೊರಗೆ" ಎಂದರು ಗುರುರಾಜ್.

"ಎಲ್ಲ ಪಂದ್ಯದಲ್ಲೂ?"

"ಎಲ್ಲ ಪಂದ್ಯದಲ್ಲೂ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ ಮೇಡಂ. ನೋಡಿದ್ರೆ ಗೊತ್ತಾಗುತ್ತೆ ಅಂದ್ರೆ ಬೈತೀರಿ."

ಒಳ್ಳೆಯ ಆಟಗಾರ್ತಿ ಹೊರಗೆ ಬಂದಾಗ ತಂಡ ಕುಸಿಯಬೇಕು, ಆಗಲೇ ಅವಳ ಬೆಲೆ ಲೆಕ್ಕಕ್ಕೆ ಸಿಗುವುದು. ಆದರೆ ಸುಮಂಗಲಾ ಹೊರಬಂದಾಗಲೆಲ್ಲ ವೇಣಿ ಒಳಗಿರುತ್ತಿದ್ದಳು, ವೇಣಿ ಹೊರಬಂದಾಗಲೆಲ್ಲ ಸುಮಂಗಲಾ. ಇಬ್ಬರೂ ಸಮಸಮ ಚೆನ್ನಾಗಿ ಆಡಿದರೆ ಇಬ್ಬರಿಗೂ ಸೊನ್ನೆಯೇ ಬರುತ್ತದೆ. ಇಬ್ಬರೂ ಸಮಸಮ ಕೆಟ್ಟದಾಗಿ ಆಡಿದರೂ ಅದೇ ಸೊನ್ನೆ. ನನ್ನ ಲೆಕ್ಕ ಇಡೀ ಋತು ಒಬ್ಬಳನ್ನು ಇನ್ನೊಬ್ಬಳಿಂದ ಕಳೆಯುತ್ತ ಕೂತಿತ್ತು.

ವಿರಾಮದಲ್ಲಿ ಅವರಿಬ್ಬರ ಹತ್ತಿರ ಹೋದೆ. ವೇಣಿಗೆ ನಾನು ಬಂದ ಕಾರಣ ಅರ್ಧ ತಿಳಿದಿತ್ತು.

"ಲಿಸ್ಟಲ್ಲಿ ನಾವಿಲ್ಲ ಅಲ್ವಾ ಮೇಡಂ?" ಎಂದಳು. "ನಮ್ಮತ್ತೆ ಯೋಳವ್ರೆ. ಟೀಮಿಗೆ ತಗಂಡ್ರೆ ಸರಿ, ಇಲ್ದಿದ್ರೆ ಆಟ ಗೀಟ ಇಲ್ಲಿಗೆ ಸಾಕು, ಮನೇಲ್ ಬಿದ್ದಿರಿ ಅಂತ. ಅಂಗಾದ್ರೆ ಇನ್ ಆಟ ಇಲ್ವೇ ಇಲ್ಲ."

ಸುಮಂಗಲಾ ಮಗುವಿನ ಟೋಪಿ ಸರಿಮಾಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು.

"ಮಗೂನ ನನಗೆ ಕೊಡಿ. ಇಬ್ರೂ ಹೋಗಿ ಆಡಿ" ಎಂದೆ.

ನನ್ನ ಯೋಜನೆ ಅಚ್ಚುಕಟ್ಟಾಗಿತ್ತು. ಇಬ್ಬರೂ ಜೊತೆಯಾಗಿ ಆಡಿದ್ದು ಸ್ವಲ್ಪವಾದರೂ ದಾಖಲಾದರೆ ಲೆಕ್ಕಕ್ಕೆ ಒಂದು ಎಳೆ ಸಿಗುತ್ತದೆ. ಕಂಬದ ಮೊಬೈಲು ಅಂದು ಇರಲಿಲ್ಲ, ನನ್ನದನ್ನೇ ಚೀಲಕ್ಕೆ ಒರಗಿಸಿ ವಿಡಿಯೋಗೆ ಇಟ್ಟೆ. ಮಗು ನನ್ನ ಮುಖ ನೋಡಿ ಒಂದು ಕ್ಷಣ ಯೋಚಿಸಿತು, ಆಮೇಲೆ ಊರಿಗೆಲ್ಲ ಕೇಳುವಂತೆ ಅರಚಿತು. ಕನ್ನಡಕ ಕಿತ್ತುಕೊಂಡಿತು. ಬಿಸ್ಕತ್ತು ಕೊಟ್ಟರೆ ಎಸೆಯಿತು. ಅಳು ಕೇಳಿ ಅಂಗಳದಲ್ಲಿ ವೇಣಿಯ ಕಾಲು ತಡವರಿಸತೊಡಗಿದ್ದು ಕಂಡು, ಬೇರೆ ದಾರಿ ತೋಚದೆ ಮೊಬೈಲನ್ನೇ ಅದರ ಕೈಗಿಟ್ಟೆ. ತಕ್ಷಣ ಸುಮ್ಮನಾಯಿತು.

ಆಮೇಲೆ ಕಂಡದ್ದನ್ನು ನಾನು ಮರೆಯುವುದಿಲ್ಲ. ಸುಮಂಗಲಾ ತಿರುಗಿ ನೋಡದೆ ಚೆಂಡು ಎಸೆಯುತ್ತಿದ್ದಳು, ವೇಣಿ ಅಲ್ಲಿರುತ್ತಿದ್ದಳು. ಒಂದೇ ಇಕ್ಕಟ್ಟಾದ ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಹಿಡಿದು ಒಬ್ಬರಿಗೊಬ್ಬರು ತಾಗದೆ ಓಡಾಡಿದವರು ಅಂಗಳದಲ್ಲೂ ಹಾಗೆಯೇ ಓಡಾಡಿದರು. ಎದುರಾಳಿಗಳು ಇವರಿಬ್ಬರ ಬೆನ್ನು ಹತ್ತಿದಾಗ ವನಜಾ ಬಾಸ್ಕೆಟ್ಟಿನ ಕೆಳಗೆ ಒಬ್ಬಳೇ ಉಳಿಯುತ್ತಿದ್ದಳು, ಚೆಂಡು ಅವಳ ಕೈಗೆ ಬಂದು ಬೀಳುತ್ತಿತ್ತು. ಹಿಂದೆ ಬಿದ್ದಿದ್ದ ನಾವು ಸುಲಭವಾಗಿ ಗೆದ್ದೆವು.

ವಿಡಿಯೋ ತೆರೆದು ನೋಡಿದರೆ ಮಗುವಿನ ಎರಡು ಹಲ್ಲು, ನಾಲಗೆ, ಒಂದಿಷ್ಟು ಆಕಾಶ. ಅಂಗಳದ ಒಂದು ಇಂಚೂ ಇರಲಿಲ್ಲ. ಯಾರು ಯಾವಾಗ ಒಳಗಿದ್ದರು ಎಂದು ಬರೆದುಕೊಳ್ಳಲು ನನ್ನ ಕೈಗೂ ಬಿಡುವಿರಲಿಲ್ಲ.

ಮರುದಿನ ಸಮಿತಿ ಸೇರಿತು. ಅಷ್ಟರಲ್ಲಿ ಆಯ್ಕೆಯಾದವರಲ್ಲಿ ಒಬ್ಬಳು ಪರೀಕ್ಷೆಯಿದೆಯೆಂದು ಹಿಂದೆ ಸರಿದಿದ್ದಳು. ನಾನು ಸೊನ್ನೆಯ ಕಥೆಯನ್ನೆಲ್ಲ ವಿವರಿಸಿದೆ. ಕೃಷ್ಣಪ್ಪನವರು ಸಮಾಧಾನದಿಂದಲೇ ಕೇಳಿದರು.

"ಸರಿ, ಒಂದು ಜಾಗ ಖಾಲಿ ಇದೆ. ಇಬ್ರಲ್ಲಿ ಒಬ್ಬಳನ್ನ ತಗೊಳ್ಳೋಣ" ಎಂದರು.

"ಒಬ್ಬಳನ್ನ ತಗೊಂಡ್ರೆ ಇನ್ನೊಬ್ಳು ಮಗು ಹಿಡ್ಕೊಂಡು ಕೂರ್ಬೇಕು ಸಾರ್. ಅವರ ಬೆಲೆ ಇರೋದು ಇಬ್ರೂ ಒಳಗಿದ್ದಾಗ."

"ಅದಕ್ಕೆ ನಂಬರ್ ಎಲ್ಲಿ?"

"ನಂಬರ್ ಇಲ್ಲ. ನಾನು ನೋಡಿದೀನಿ."

ಆ ಮಾತು ನನ್ನ ಬಾಯಿಂದಲೇ ಬಂತು. ಕೃಷ್ಣಪ್ಪನವರು ಕುರ್ಚಿಗೆ ಒರಗಿದರು.

"ಹೋದ ವರ್ಷ ನಾನು ಇದೇ ಮಾತು ಅಂದಾಗ ಎಲ್ಲರ ಮುಂದೆ ನನ್ನ ಮಾನ ಕಳೆದ್ರಿ. ಈ ವರ್ಷ ನಮ್ಮ ವನಜಾ ನಿಮ್ಮ ಲೆಕ್ಕದಲ್ಲೇ ಪಾಸಾಗಿದಾಳೆ. ಈಗ ನಿಮ್ಮ ಕಣ್ಣು ನಂಬ್ಕೊಂಡು, ಇಬ್ರಿಗೂ ಜಾಗ ಮಾಡೋಕೆ ಕೊನೇಲಿರೋ ಅವಳನ್ನ ತೆಗೀಬೇಕಾ? ನಿಮ್ದು ಮಾತ್ರ ಕಣ್ಣು, ನಮ್ದೇನು ಗಾಜಿನ ಗುಂಡಾ?"

ಮನುಷ್ಯ ಹೇಳಿದ್ದು ನ್ಯಾಯವಾಗಿತ್ತು.

ಮಾವನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಬಂದಿದ್ದ ವನಜಾ ಬಾಗಿಲಲ್ಲಿ ನಿಂತಿದ್ದಳು. "ಮಾವ, ನಿನ್ನೆ ನಾನೂ ಅಂಗಳದಲ್ಲಿದ್ದೆ" ಎಂದಳು. "ನನ್ನ ಕೈಗೆ ಅಷ್ಟು ಸಲೀಸಾಗಿ ಬಾಲ್ ಯಾವತ್ತೂ ಬಂದಿರ್ಲಿಲ್ಲ. ಅವರಿಬ್ರಿಂದಾನೇ ಬಂದಿದ್ದು. ಮೇಡಂ ಹೇಳ್ತಿರೋದು ನಿಜ."

"ಹಂಗಾದ್ರೆ ನಿನ್ನ ಹೆಸ್ರು ಹೊಡೀಲಾ?"

"ಹೊಡೀರಿ ಅಂತ ನಾನು ಹೇಳ್ಲಿಲ್ಲ. ನನಗೂ ಆಡ್ಬೇಕು. ಇದ್ದಿದ್ದು ಇದ್ದಂಗೆ ಹೇಳ್ದೆ ಅಷ್ಟೇ."

ಕೃಷ್ಣಪ್ಪನವರು ಅವಳನ್ನೇ ನೋಡಿದರು. ಆಮೇಲೆ ಪೆನ್ನು ತೆಗೆದು ಅವಳ ಹೆಸರಿಗೆ ಗೆರೆ ಎಳೆದು ಇಬ್ಬರು ಓರಗಿತ್ತಿಯರ ಹೆಸರು ಬರೆದರು. ವನಜಾ ಹೊರಗೆ ಹೋಗಿ ಸ್ಕೂಟರ್ ಸ್ಟಾರ್ಟ್ ಮಾಡಿದಳು.

ಪಂದ್ಯಾವಳಿಯಲ್ಲಿ ಮಗುವಿನ ಹೊಣೆ ನನ್ನದು ಎಂದು ವೇಣಿಗೆ ನಾನು ಮಾತು ಕೊಟ್ಟಿದ್ದೆ. ಅಭ್ಯಾಸದ ದಿನಗಳಲ್ಲಿ ಹೊತ್ತು ತಿರುಗಿ ಅದನ್ನು ಒಲಿಸಿಕೊಂಡಿದ್ದೂ ಆಯಿತು. ಆದರೆ ಮೊದಲ ಪಂದ್ಯದ ದಿನ ವನಜಾ ಕೂಡ ಬಂದಿದ್ದಳು. ತಂಡದ ವ್ಯಾನಿನಲ್ಲಿ ಜಾಗವಿತ್ತು, ಮನೆಯಲ್ಲಿ ಕೂರಲಾಗಲಿಲ್ಲ ಎಂದಳು. ಪ್ರೇಕ್ಷಕರ ಸಾಲಿನಲ್ಲಿ ನನ್ನ ಪಕ್ಕ ಕೂತು ಬಾಯಿಂದ ಗಿಲಕಿ ಸದ್ದು ಮಾಡಿದಳು, ಮಗು ಅವಳ ಕಡೆ ಕೈ ಚಾಚಿತು. ನನ್ನ ತೊಡೆಯ ಮೇಲೆ ಟ್ಯಾಬ್ ಇತ್ತು. ಓರಗಿತ್ತಿಯರಿಬ್ಬರೂ ಜೊತೆಯಾಗಿ ಆಡುವುದನ್ನು ಈ ಸಲ ಸರಿಯಾಗಿ ದಾಖಲಿಸಬೇಕು, ಆ ಸೊನ್ನೆಯನ್ನು ತಿದ್ದಬೇಕು ಎಂಬ ಹುಚ್ಚು ನನಗೆ. "ಐದು ನಿಮಿಷ ಹಿಡ್ಕೋ ವನಜಾ" ಎಂದು ಮಗುವನ್ನು ಅವಳಿಗೆ ಕೊಟ್ಟೆ.

ಪಂದ್ಯ ಮುಗಿಯುವವರೆಗೂ ನಾನು ತಲೆ ಎತ್ತಿದ್ದು ಅಂಗಳ ನೋಡಲು ಮಾತ್ರ. ಗೆದ್ದೆವು. ಅಂಕಗಳು ಅಲ್ಲೇ ಮೂಡಿದವು. ಒಂದೇ ಪಂದ್ಯದ ಅಂಕವನ್ನು ನಂಬಬಾರದು ಎಂದು ಎಲ್ಲರಿಗೂ ಬುದ್ಧಿ ಹೇಳುವವಳು ನಾನೇ, ಆದರೂ ಸುಮಂಗಲಾ, ವೇಣಿ ಎಂಬ ಹೆಸರುಗಳ ಮುಂದೆ ಬಂದ ದೊಡ್ಡ ದೊಡ್ಡ ಪ್ಲಸ್‌ಗಳನ್ನು ಕಂಡು ಕುಣಿಯುವಂತಾಯಿತು. "ನೋಡು ವನಜಾ, ನೋಡು!" ಎಂದು ಟ್ಯಾಬನ್ನು ಅವಳ ಮುಂದೆ ಹಿಡಿದೆ.

ಅವಳು ಮೇಲಿನಿಂದ ಕೆಳಗಿನವರೆಗೆ ಹೆಸರುಗಳನ್ನು ಓದಿದಳು. ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು, ಅಂಗಿಯ ತೋಳು ಜೊಲ್ಲಿನಿಂದ ಒದ್ದೆಯಾಗಿತ್ತು.

"ಚೆನ್ನಾಗಿ ಬಂದಿದೆ ಮೇಡಂ" ಎಂದಳು. ಆಮೇಲೆ ಕೇಳಿದಳು: "ನಂದೆಷ್ಟು?"

ಅವಳು ವ್ಯಂಗ್ಯವಾಡಲಿಲ್ಲ, ತಮಾಷೆಗೂ ಕೇಳಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದಳು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಟ್ಯಾಬನ್ನು ಪಕ್ಕಕ್ಕಿಟ್ಟು, "ಕೊಡು, ನಾನು ಎತ್ಕೋತೀನಿ" ಎಂದು ಕೈ ಚಾಚಿದೆ.

"ಬೇಡ ಮೇಡಂ, ಈಗಷ್ಟೇ ಮಲಗಿದೆ" ಎಂದು ವನಜಾ ಮಗುವಿನ ಬೆನ್ನು ತಟ್ಟಿದಳು. "ಇನ್ನೊಂದು ಮ್ಯಾಚ್ ಇದೆಯಲ್ಲ, ನೀವು ಬರ್ಕೊಳ್ಳಿ."