ಬೆನ್ನು ತೋರಿಸಿದ ಫೋಟೊ

"ಇವತ್ತು ಯಾರ್ಯಾರ ಅರುಬೈಟೊ ಬಂದಿದೆ ಅಜ್ಜಿ?" ನಲ್ಲಿಯ ಹತ್ತಿರ ಮೂಲಂಗಿ ಉಜ್ಜುತ್ತಿದ್ದ ಪಕ್ಕದ ಮನೆಯ ಒಕುಮ ಕೇಳಿದಳು.

ಮುದುಕಿ ಇಸೆ ಕನ್ನಡಕ ಏರಿಸಿಕೊಂಡು ಪತ್ರಿಕೆ ಬಿಡಿಸಿದಳು. ಒಸಾಕಾದ ಆ ವಠಾರದಲ್ಲಿ ಪತ್ರಿಕೆ ತರಿಸುತ್ತಿದ್ದವಳು ಅವಳೊಬ್ಬಳೇ; ಬೆಳಿಗ್ಗೆ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುವುದು ಅವಳ ದೊಡ್ಡಸ್ತಿಕೆ. ಯುದ್ಧ ಸೋತ ಮೇಲೆ ಪತ್ರಿಕೆಯವರಿಗೆ ಜರ್ಮನರ ಕಡೆಯಿಂದ ಬಂದ, ಬಿಡುವಿನ ಉಪಕಸುಬು ಎಂಬರ್ಥದ ಈ ಒಂದು ಮಾತಿನ ಹುಚ್ಚು ಹಿಡಿದಿತ್ತು. ಕಾಲೇಜು ಹುಡುಗ ಐಸ್ ಕ್ಯಾಂಡಿ ಮಾರಿದರೂ ಅರುಬೈಟೊ, ಪೊಲೀಸಪ್ಪ ರಜದ ದಿನ ಬ್ಯಾಂಡಿನಲ್ಲಿ ತುತ್ತೂರಿ ಊದಿದರೂ ಅರುಬೈಟೊ, ಪ್ರೊಫೆಸರು ಮನೆಪಾಠ ಹೇಳಿದರೂ ಅದೇ. ಹೊಟ್ಟೆಪಾಡು ಅನ್ನಲು ನಾಚಿಕೆ, ಇನ್ನೇನು!

ಅಕ್ಕಿ ತೊಳೆಯುತ್ತಿದ್ದ ಸೊಸೆ ತ್ಸುರುಯೊ ತಲೆ ಎತ್ತಲಿಲ್ಲ. ಅವಳ ಗಂಡ ಬರ್ಮಾದಲ್ಲಿ ಸತ್ತಿದ್ದ. ಸಂಜೆ ಅಂಗಿ ಹೊಲಿಯುವ ಅರುಬೈಟೊ ಎಂದು ಅತ್ತೆಗೆ ಹೇಳಿ ಅವಳು ಹೋಗುತ್ತಿದ್ದದ್ದು ನಂಬಾ ಪೇಟೆಯ ಒಂದು ಬಾರಿಗೆ, ಗಂಡಸರ ಪಕ್ಕ ಕೂತು ಬಿಯರ್ ಬಗ್ಗಿಸಲು. ಗೊತ್ತಾದರೆ ಪುಟ್ಟ ಮಗಳು ಸಯೊಳನ್ನು ಅತ್ತೆ ವಕಾಯಾಮಾ ಊರಿನಲ್ಲಿರುವ ಹಿರಿಮಗನ ಮನೆಗೆ ಕಳಿಸಿಬಿಡುತ್ತಾಳೆ. 'ನಮ್ಮ ವಂಶದ ಮಗು' ಎಂಬ ಮಾತು ಆಗಲೇ ಬಂದುಹೋಗಿತ್ತು. ಮೊನ್ನೆ ಬಾರಿಗೆ ಬಂದ ವರದಿಗಾರ, "ಹೆದರಬೇಡಿ, ಹೆಸರು ಹಾಕಲ್ಲ, ಮುಖಾನೂ ತೋರಿಸಲ್ಲ" ಎಂದು ಅವಳ ಬೆನ್ನ ಹಿಂದೆ ನಿಂತು ಫೋಟೊ ತೆಗೆದಿದ್ದ.

"'ನಂಬಾದ ಬಾರುಗಳಲ್ಲಿ ಈಗ ಗೃಹಿಣಿಯರ ಅರುಬೈಟೊ,'" ಇಸೆ ಓದಿದಳು. "'ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬಾಕೆ...'" ಅಲ್ಲಿಗೆ ನಿಲ್ಲಿಸಿದಳು.

"ಓದಿ ಅಜ್ಜಿ, ರುಚಿ ಬಂದಾಗಲೇ ನಿಲ್ಲಿಸ್ತೀರಲ್ಲ!" ಒಕುಮ ಒದ್ದೆ ಕೈಯಲ್ಲೇ ಬಂದು ಇಣುಕಿದಳು. "ಥೂ, ಬರೀ ಬೆನ್ನು. ಆದ್ರೂ ಓಬಿ ನೋಡಿ, ಎಷ್ಟು ಚೆನ್ನಾಗಿದೆ!"

ತ್ಸುರುಯೊ ಅಕ್ಕಿಯ ನೀರು ಬಗ್ಗಿಸುತ್ತ ಕಣ್ಣಂಚಿನಲ್ಲೇ ಆ ಫೋಟೊ ನೋಡಿದಳು. ಪ್ಯಾಂಟು ತೊಡುವ ಆ ವರದಿಗಾರನಿಗೇನು ಗೊತ್ತು? ಕಿಮೋನೊ ಉಟ್ಟ ಹೆಂಗಸಿನ ಗುರುತೆಲ್ಲ ಇರುವುದೇ ಬೆನ್ನ ಮೇಲೆ, ಸೊಂಟಕ್ಕೆ ಸುತ್ತಿದ ಓಬಿ ಪಟ್ಟಿಯಲ್ಲಿ. ಅಲೆಗಳ ಮೇಲೆ ಕೊಕ್ಕರೆ ಹಾರುವ ಆ ಪಟ್ಟಿ ಇಸೆಯ ಮದುವೆಯದು. ಅವಳ ತಾಯಿ ಕೈಯಾರೆ ಕಸೂತಿ ಹಾಕಿದ್ದಳು. ಅಕ್ಕಿಗಾಗಿ ಉಳಿದದ್ದೆಲ್ಲ ಮಾರಿದ್ದರೂ ಅದನ್ನು ಮಾತ್ರ ಮಾರಿರಲಿಲ್ಲ. ತ್ಸುರುಯೊ ಅದನ್ನು ಪೆಟ್ಟಿಗೆಯಿಂದ ಕದ್ದು ಒಯ್ಯುತ್ತಿದ್ದಳು.

"ಇಂಥವು ಪೇಟೇಲಿ ಬೇಕಾದಷ್ಟು ಸಿಗ್ತವೆ," ಇಸೆ ಪತ್ರಿಕೆ ಮಡಿಸಿದಳು. "ನೀನು ಹೋಗಿ ಮೂಲಂಗಿ ತೊಳಿ."

ಸಂಜೆ ತ್ಸುರುಯೊ ಚಾಪೆಗೆ ಹಣೆ ಹಚ್ಚಿ, "ಅತ್ತೆ, ಇನ್ನು ಹೋಗಲ್ಲ. ಸಯೊನ ಮಾತ್ರ ಕಳಿಸಬೇಡಿ" ಎಂದಳು.

"ಹೋಗದೆ ತಿನ್ನೋದೇನು, ಮಣ್ಣಾ? ಏಳು."

ಇಸೆ ಪೆಟ್ಟಿಗೆಯಿಂದ ಚಿತ್ತಾರವಿಲ್ಲದ ಕಪ್ಪು ಓಬಿ ತೆಗೆದಳು. ಮಗನ ಉತ್ತರಕ್ರಿಯೆಯ ದಿನ ಅವಳು ಕಟ್ಟಿದ್ದ ಪಟ್ಟಿ ಅದು. ತಾನೇ ಸೊಸೆಯ ಸೊಂಟಕ್ಕೆ ಸುತ್ತಿ, ಬೆನ್ನಿಗೆ ಮಂಡಿ ಒತ್ತಿಟ್ಟು, ಜೋರಾಗಿ ಎಳೆದಳು. ತ್ಸುರುಯೊಗೆ ಉಸಿರು ಕಟ್ಟಿತು.

"ಇದರ ಗುರುತು ಯಾರಿಗೂ ಸಿಗಲ್ಲ. ಸಯೊ ಇವತ್ತಿಂದ ನನ್ನ ಹಾಸಿಗೇಲಿ ಮಲಗ್ತಾಳೆ."

"ಅತ್ತೆ..."

"ಬಿಗಿಯಾಯ್ತಾ?"

ತ್ಸುರುಯೊ ಇಲ್ಲವೆಂದು ತಲೆಯಾಡಿಸಿದಳು. ಹೊಸಿಲ ಕೆಳಗೆ ಸಯೊ ಕುಕ್ಕರಗಾಲಲ್ಲಿ ಕೂತು, ಅಮ್ಮನ ಚಪ್ಪಲಿಗಳನ್ನು ಬೀದಿಯ ಕಡೆಗೆ ತಿರುಗಿಸಿ ಜೋಡಿಸಿಡುತ್ತಿದ್ದಳು.