ಮೂರು ಗಂಟೆಯ ಚಹಾ

ಆಷಾಢ ಏಕಾದಶಿಯ ದಿನ ತುಳಸಾಬಾಯಿ ನಾಲ್ಕು ತಿಂಗಳಿಗೆ ಚಹಾ ಬಿಟ್ಟದ್ದು ಭಕ್ತಿಯಿಂದಲ್ಲ, ಸಿಟ್ಟಿನಿಂದ.

ಚಾತುರ್ಮಾಸಕ್ಕೆ ತಾವು ಬಿಡುವ ಪದಾರ್ಥವನ್ನು ಆ ದಿನ ಹೆಂಗಸರು ವಿಠೋಬನ ಗುಡಿಯಲ್ಲಿ ಒಬ್ಬೊಬ್ಬರಾಗಿ ದೇವರ ಮುಂದೆ ಹೇಳುವುದು ಪದ್ಧತಿ. ಬಿಟ್ಟದ್ದನ್ನು ಕಾರ್ತೀಕದ ದ್ವಾದಶಿಯವರೆಗೆ ಬಾಯಿಗಿಡುವಂತಿಲ್ಲ. ಆ ದಿನವೂ ಮೊದಲು ಅದನ್ನೇ ದಾನ ಕೊಟ್ಟು ಆಮೇಲೆ ತಾವು ಮುಟ್ಟಬೇಕು. ತುಳಸಾಬಾಯಿ ಎಂದಿನಂತೆ, “ಪಡವಲಕಾಯಿ” ಎಂದರು.

ಪೂಜಾರಿ ಪ್ರಹ್ಲಾದಭಟ್ಟರು ತೀರ್ಥದ ಸೌಟನ್ನು ಅಲ್ಲೇ ನಿಲ್ಲಿಸಿದರು. “ಬಾಯಿ, ಹನ್ನೊಂದು ವರ್ಷಾತು ನೀವು ಪಡವಲಕಾಯಿ ಬಿಡ್ಲಿಕತ್ತು. ಅದನ್ನ ಎಂದಾದ್ರೂ ತಿಂದೀರೇನ್ರಿ?”

ಹೆಂಗಸರ ಸಾಲು ಕಿಸಕ್ಕೆಂದಿತು. ಅರವತ್ತೆರಡು ವರ್ಷದ ತುಳಸಾಬಾಯಿಯ ಮೋರೆ ಕುಂಕುಮದ ಬಣ್ಣಕ್ಕೆ ಬಂತು.

“ಹಂಗಾರ ಈ ವರ್ಷ ಚಹಾ ಬಿಟ್ಟೆ!”

ಸಾಲು ಸುಮ್ಮನಾಯಿತು. ಆ ಮೌನದ ಸುಖ ಗುಡಿಯ ಮೆಟ್ಟಿಲು ಇಳಿಯುವವರೆಗೆ ಇತ್ತು. ಕೆಳಗೆ ಚಪ್ಪಲಿ ಹುಡುಕುವಾಗಲೇ ಅವರ ಗಂಟಲು ಒಣಗತೊಡಗಿತು.

ಸುದ್ದಿ ಕೇಳಿ ಗಂಡ ಕೃಷ್ಣಾಜಿ ಮರಾಠಿ ಪೇಪರನ್ನು ಮಡಿಚಿಟ್ಟರು. ಸಂಸ್ಥಾನದ ಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನಿಕೆ ಮಾಡಿ, ಸಂಸ್ಥಾನವೇ ಹೋದ ಮೇಲೆ ಮನೆಯಲ್ಲಿ ಕೂತವರು. “ಮುಂಬಯಿ ಸರಕಾರ ಊರ ಮಂದಿಗೆ ಸೆರೆ ಕುಡಿಯೂದು ಬಿಡಿಸ್ತು. ನಮ್ಮನ್ಯಾಗ ಪ್ರಹ್ಲಾದಭಟ್ಟ ಚಹಾ ಬಿಡಿಸಿದ. ಇನ್ನ ನನಗ ಯಾರು ಏನ ಬಿಡಸ್ತಾರೋ!” ಎಂದರು.

ತುಳಸಾಬಾಯಿಗೆ ನಗು ಬರಲಿಲ್ಲ. ಅವರು ಯೋಚಿಸುತ್ತಿದ್ದುದು ಚಹಾದ ಬಗ್ಗೆಯಷ್ಟೇ ಅಲ್ಲ, ಗೋಡೆಯ ಬಗ್ಗೆ.

ಅವರ ಹಿತ್ತಲಿಗೂ ಮುತ್ತವ್ವನ ಹಿತ್ತಲಿಗೂ ನಡುವೆ ಒಂದು ಮಣ್ಣಿನ ಗೋಡೆ. ಯಾವುದೋ ವರ್ಷದ ಮಳೆಗೆ ಅರ್ಧ ಕುಸಿದು ಸೊಂಟದೆತ್ತರಕ್ಕೆ ನಿಂತಿತ್ತು. ಎರಡೂ ಮನೆಯ ಗಂಡಸರು ಅದನ್ನು ಕಟ್ಟಿಸುವ ಮಾತು ತೆಗೆದಾಗಲೆಲ್ಲ ಎರಡೂ ಮನೆಯ ಹೆಂಗಸರು ಏನಾದರೊಂದು ನೆವ ಹೇಳಿ ಮುಂದೂಡಿದ್ದರು. ಮೂರು ಗಂಟೆಗೆ ಮುಧೋಳದ ಮೋಟಾರು ಹಾರ್ನು ಹೊಡೆಯುತ್ತ ಊರೊಳಗೆ ಬಂದರೆ, ಇತ್ತ ತುಳಸಾಬಾಯಿ ಕಪ್ಪು-ಬಶಿ ಹಿಡಿದು ಒಗೆಯುವ ಕಲ್ಲಿನ ಮೇಲೆ ಕೂಡುವರು. ಅತ್ತ ಮುತ್ತವ್ವ ಕಂಚಿನ ಬಟ್ಟಲು ಹಿಡಿದು ಬೋರಲು ಹಾಕಿದ ಒರಳಿನ ಮೇಲೆ ಕೂಡುವಳು. ಇವರದು ಶುಂಠಿ ಹಾಕಿದ ಸಕ್ಕರೆ ಚಹಾ, ಅವಳದು ಬೆಲ್ಲದ ಚಹಾ. ಇಪ್ಪತ್ತು ವರ್ಷದಲ್ಲಿ ಒಬ್ಬರ ಚಹಾದ ರುಚಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ತುಳಸಾಬಾಯಿ ಮಡಿಯವರು, ಬೇರೆಯವರ ಒಲೆಯದನ್ನು ಮುಟ್ಟುವವರಲ್ಲ. ಮುತ್ತವ್ವ ಲಿಂಗ ಕಟ್ಟಿದವಳು, ಅವಳೂ ಮುಟ್ಟುವವಳಲ್ಲ. ಲಿಂಬೆಹಣ್ಣು, ಕರಿಬೇವು, ಹಸಿ ಶೇಂಗಾ ಗೋಡೆ ದಾಟುತ್ತಿದ್ದವು. ಬೇಯಿಸಿದ್ದು ದಾಟುತ್ತಿರಲಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಯಾರಿಗೂ ಬೇಸರವೂ ಇರಲಿಲ್ಲ.

ಮರುದಿನ ಮೂರಕ್ಕೆ ತುಳಸಾಬಾಯಿ ಬರಿಗೈಯಲ್ಲಿ ಹೋಗಿ ಕೂತರು.

“ಬಾಯಾರ, ಬಶಿ ಎಲ್ಲೈತ್ರಿ?”

“ಚಹಾ ಬಿಟ್ಟೀನಿ. ಕಾರ್ತೀಕದ ತನಕ. ದೇವರ ಹೆಸರಲೆ.”

“ಯಾಕ್ರಿ, ದೇವರಿಗೆ ಚಹಾ ಕಡಿಮಿ ಬಿದ್ದೇತೇನು?”

ಇಬ್ಬರೂ ನಕ್ಕರು. ಮುತ್ತವ್ವ ಒಂದು ಗುಟುಕು ಕುಡಿದಳು. ಎರಡನೆಯದಕ್ಕೆ ಬಟ್ಟಲು ತುಟಿಗೆ ಮುಟ್ಟಿಸಿ ಇಳಿಸಿದಳು. ಗೋಡೆಯಾಚೆಯ ಎರಡು ಕಣ್ಣು ತನ್ನ ಬಟ್ಟಲಿನ ಹಬೆಯ ಮೇಲೇ ಇದ್ದವು. “ಇವತ್ತ ಬೆಲ್ಲ ಭಾಳ ಆಗೇತಿ” ಎಂದು ಉಳಿದದ್ದನ್ನು ಲಿಂಬೆಗಿಡದ ಬುಡಕ್ಕೆ ಸುರಿದು ಎದ್ದುಹೋದಳು.

ಅದರ ಮರುದಿನ ಅವಳು ಬರಲಿಲ್ಲ. ಮೂರನೆಯ ದಿನವೂ ಇಲ್ಲ, ನಾಲ್ಕನೆಯ ದಿನವೂ ಇಲ್ಲ.

ತುಳಸಾಬಾಯಿಗೆ ತಲೆಶೂಲೆ ಹಿಡಿದಿತ್ತು. ಹಣೆಗೆ ಒಣಶುಂಠಿ ತೇಯ್ದು ಹಚ್ಚಿಕೊಂಡು ಮಲಗಿದರೂ ಮೂರರ ಹಾರ್ನು ನೇರವಾಗಿ ತಲೆಯೊಳಗೇ ಕೂಗಿದಂತಾಗುತ್ತಿತ್ತು. ತಲೆಶೂಲೆಯನ್ನಾದರೂ ತಾಳಬಹುದು. ಆದರೆ ಗೋಡೆಯಾಚೆಯ ಖಾಲಿ ಒರಳನ್ನು ನೋಡಿ ತಾಳಲಾಗುತ್ತಿರಲಿಲ್ಲ. ನಾಲ್ಕು ತಿಂಗಳು ತಪ್ಪಿದರೆ ರೂಢಿ ತಪ್ಪುತ್ತದೆ. ರೂಢಿ ತಪ್ಪಿದರೆ ಮುತ್ತವ್ವ ಆ ಹೊತ್ತನ್ನು ಬೇರೆ ಯಾವುದಕ್ಕೋ ಕೊಟ್ಟುಬಿಡುತ್ತಾಳೆ. ಆಮೇಲೆ ಗಂಡಸರು ಗೋಡೆಯನ್ನೂ ಕಟ್ಟಿಸುತ್ತಾರೆ. ಪಡವಲಕಾಯಿಯ ಮಾತಿಗೆ ಸಿಟ್ಟಾಗಿ ಇಪ್ಪತ್ತು ವರ್ಷದ ಸ್ನೇಹವನ್ನೇ ಕಳಕೊಂಡೆನಲ್ಲ ಎಂದು ಅವರಿಗೆ ತಮ್ಮ ನಾಲಿಗೆಯ ಮೇಲೆಯೇ ಸಿಟ್ಟು ಬಂತು.

“ಅತ್ಯಾ, ಅರ್ಧ ಬಶಿ ಕುಡೀರಿ,” ಎಂದಳು ಸೊಸೆ ಸುಲಭಾ. ಅತ್ತೆಗೆ ವಾಸನೆ ಬಾರದಿರಲೆಂದು ಅವಳು ನಾಲ್ಕು ದಿನದಿಂದ ತನ್ನ ಚಹಾವನ್ನು ಅಡಿಗೆಮನೆಯ ಬಾಗಿಲು ಹಾಕಿಕೊಂಡು ಕುಡಿಯುತ್ತಿದ್ದಳು. “ವಿಠೋಬ ಕೇಳಿದ್ರ ನಾ ಹೇಳ್ತೀನಿ.”

ಐದನೆಯ ದಿನ ತುಳಸಾಬಾಯಿ ತಾವೇ ಒಲೆಯ ಮೇಲೆ ನೀರಿಟ್ಟರು. ಶುಂಠಿಯನ್ನೂ ಜಜ್ಜಿದರು. ನೀರು ಗುಳುಗುಳು ಅನ್ನುವಷ್ಟರಲ್ಲಿ ಹಾರ್ನು ಕೇಳಿತು. ಕೈಯಲ್ಲಿ ಚಹಾಪುಡಿಯ ಚಮಚ ಹಾಗೇ ನಿಂತಿತು. ಇದನ್ನು ಹಿಡಿದು ಹೋದರೂ ಅವಳು ಅಲ್ಲಿ ಇರಬೇಕಲ್ಲ? ಪುಡಿಯನ್ನು ತಿರುಗಿ ಡಬ್ಬಿಗೆ ಸುರಿದು, ಒಲೆಯ ಕಟ್ಟಿಗೆ ಹಿಂದಕ್ಕೆಳೆದು, ನೇರ ಹಿತ್ತಲಿಗೆ ಹೋಗಿ ಗೋಡೆಯ ಮೇಲೆ ಕೈಯೂರಿ ಕೂಗಿದರು.

“ಮುತ್ತವ್ವಾ! ಸತ್ತೀಯೋ ಇದ್ದೀಯೋ?”

“ಸತ್ತಿದ್ರ ಭಜನಿ ಕೇಳಸ್ತಿದ್ದಿಲ್ಲೇನ್ರಿ?” ಒಳಗಿನಿಂದ ಉತ್ತರ ಬಂತು. ಸ್ವಲ್ಪ ಹೊತ್ತಿಗೆ ಮುತ್ತವ್ವ ಸೆರಗಿಗೆ ಕೈ ಒರೆಸುತ್ತ ಬಂದು ದೂರವೇ ನಿಂತಳು.

“ನಾಕ ದಿನಾತು, ಯಾಕ ಬಂದಿಲ್ಲ?”

“ನೀವು ಬಾಯಿ ಕಟಗೊಂಡು ಕುಂದ್ರೂದು, ನಾ ನಿಮ್ಮ ಮುಂದ ಸುರ್ರಂತ ಎಳಿಯೂದು. ನನಗೂ ಮಾನ ಐತ್ರಿ.”

“ಚಹಾ ನಿಂದು, ಒಲಿ ನಿಂದು. ನಾ ಎಂದ ನಿನಗ ಚಹಾ ಕೊಟ್ಟಿದ್ದೆ? ನೀ ಚಹಾಕ್ಕ ಬರ್ತಿದ್ದೇನು ಇಲ್ಲಿ?”

ಮುತ್ತವ್ವ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಅದೂ ಖರೇನ ಬಿಡ್ರಿ.”

“ಇವತ್ತ ವ್ರತಾ ಮುರೀಬೇಕಂತ ನೀರೂ ಇಟ್ಟಿದ್ದೆ.”

“ಥೂ! ಆ ಪಾಪ ತಂದು ನನ್ನ ತಲಿಮ್ಯಾಲ ಹಾಕಬ್ಯಾಡ್ರಿ ಮತ್ತ.” ಮುತ್ತವ್ವ ಬಂದು ಒರಳಿನ ಮೇಲೆ ಧೊಪ್ಪನೆ ಕೂತಳು. “ನಾ ಮನ್ಯಾಗ ಕುಡುದು ಬರ್ತೇನಿ. ಇಲ್ಲಿ ಇಬ್ಬರೂ ಬರಿಗೈ. ಆತಿಲ್ರಿ?”

ಬರಿಗೈಯಲ್ಲಿ ಕೂಡುವುದು ಇಬ್ಬರಿಗೂ ಬಾರದ ವಿದ್ಯೆ. ಮರುದಿನ ಮುತ್ತವ್ವ ತಮ್ಮ ಹೊಲದ ಹತ್ತಿಯ ಬುಟ್ಟಿ ತಂದು ಗೋಡೆಯ ಮೇಲಿಟ್ಟಳು. ಹತ್ತಿ ಹಸಿ ಪದಾರ್ಥ, ಅದು ದಾಟಬಹುದು. ಅವಳು ಬೀಜ ಬಿಡಿಸಿ ಕೊಟ್ಟಳು, ತುಳಸಾಬಾಯಿ ಹೂಬತ್ತಿ ಹೊಸೆದರು. ಕಾರ್ತೀಕಕ್ಕೆ ಲಕ್ಷ ಬತ್ತಿ ಆಗಬೇಕೆಂದು ಶುರುಮಾಡಿದ್ದು ಎಷ್ಟಾಯಿತೋ ಇಬ್ಬರೂ ಎಣಿಸಲಿಲ್ಲ.

ಚಹಾದ ಆಸೆ ಹೋಯಿತೆಂದು ಹೇಳಿದರೆ ಸುಳ್ಳು. ಶ್ರಾವಣದ ಜಿಟಿಜಿಟಿಯಲ್ಲಿ ಯಾರದೋ ಮನೆಯಿಂದ ಶುಂಠಿ ಕುದಿಯುವ ವಾಸನೆ ಬಂದರೆ ತುಳಸಾಬಾಯಿಯ ಹೊಸೆಯುವ ಕೈ ನಿಲ್ಲುತ್ತಿತ್ತು. ಆದರೆ ಬಶಿಯೊಳಗೆ ಕಣ್ಣಿಟ್ಟು ಕೂತಿದ್ದ ಇಪ್ಪತ್ತು ವರ್ಷ ಕಾಣದ್ದು ಈಗ ಕಂಡಿತು. ಮುತ್ತವ್ವನಿಗೆ ನಗುವಾಗ ಎಡಗಣ್ಣು ಮೊದಲು ಮುಚ್ಚುತ್ತದೆ. ಲಿಂಬೆಗಿಡದಲ್ಲಿ ಒಂದು ಟುವ್ವಿಹಕ್ಕಿ ಎಲೆ ಹೊಲಿದು ಗೂಡು ಮಾಡಿದೆ, ಅದಕ್ಕೂ ಇದೇ ಹತ್ತಿ ಬೇಕು. ಗೋಡೆ ಕೆಡವಿದ ಆ ಮಳೆಗೆ ತುಳಸಾಬಾಯಿ ಮನಸ್ಸಿನಲ್ಲೇ ಕೈಮುಗಿದರು. ಇನ್ನೂ ಒಂದು ಮೊಳ ಕೆಡವಿದ್ದರೆ ದನ ನುಗ್ಗುತ್ತಿದ್ದವು, ಒಂದು ಮೊಳ ಉಳಿಸಿದ್ದರೆ ಮುತ್ತವ್ವನ ಮುಖ ಕಾಣುತ್ತಿರಲಿಲ್ಲ. ಎಷ್ಟು ಅಳತೆಯಿಟ್ಟು ಸುರಿದಿತ್ತು!

ಕಾರ್ತೀಕದ ದ್ವಾದಶಿ ಬಂತು. ದಾನಕ್ಕೆಂದು ಮಗ ಶ್ರೀಧರ ಪೇಟೆಯಿಂದ ಚಹಾಪುಡಿಯ ಪುಡಿಕೆ ತಂದಿಟ್ಟಿದ್ದ. ಬೆಳಿಗ್ಗೆ ತುಳಸಾಬಾಯಿ ತುಳಸಿಕಟ್ಟೆಗೆ ನೀರು ಹಾಕುತ್ತಿದ್ದಾಗ ಗೋಡೆಯಾಚೆಯಿಂದ ಮುತ್ತವ್ವ ಕರೆದಳು. ಗೋಡೆಯ ಮೇಲೆ ಒಂದು ತಗಡಿನ ಡಬ್ಬಿ ಇಟ್ಟಳು.

“ಇದೇನು?”

“ಚಹಾಪುಡಿ. ಇವತ್ತ ದಾನಾ ಕೊಡೂದೈತಲ್ರಿ ನಿಮಗ. ದಿನಾ ಒಂದೊಂದ ಚಿಮಟಿ ತಗದಿಟ್ಟೇನಿ.”

“ಎಲ್ಲಿಂದ ತಗದಿಟ್ಟಿ?”

“ನನ್ನ ಪಾಲಿಂದ್ರಿ.”

ತುಳಸಾಬಾಯಿ ಡಬ್ಬಿಯನ್ನು ತೂಗಿ ನೋಡಿದರು. ನಾಲ್ಕು ತಿಂಗಳ ಭಾರ ಇತ್ತು. “ಮನ್ಯಾಗ ಕುಡುದು ಬರ್ತೇನಿ ಅಂದಿದ್ದೆಲ್ಲ, ಮುತ್ತವ್ವಾ?”

“ಅಂದಿದ್ದೆ. ನಿಮ್ಮಂಗ ದೇವರ ಮುಂದ ನಿಂತು ಅಂದಿದ್ದಿಲ್ಲಲ್ರಿ. ಅರ್ಧಾ ದಾನಾ ಕೊಟ್ಟು ಅರ್ಧಾ ಉಳಸ್ರಿ, ಮೂರಕ್ಕ ಬೇಕಾಕ್ಕೈತಿ. ನನಗೂ ಒಂದೀಟು ಇಟಗೊಂಡೇನಿ.”

ತುಳಸಾಬಾಯಿ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, “ಡಬ್ಬಿ ತೊಳದು ಕೊಡ್ತೀನಿ” ಎಂದರು.

ಶ್ರೀಧರನ ಪುಡಿಕೆ ಮೂಲೆಯಲ್ಲೇ ಉಳಿಯಿತು. ಪ್ರಹ್ಲಾದಭಟ್ಟರಿಗೆ ವೀಳ್ಯದೊಂದಿಗೆ ಡಬ್ಬಿಯ ಪುಡಿಯನ್ನೇ ಕೊಟ್ಟರು. ಭಟ್ಟರು ಮೂಗಿನ ಹತ್ತಿರ ಹಿಡಿದು ಹುಬ್ಬೇರಿಸಿದರು. “ಬಾಯಿ, ನೀವು ಬಿಟ್ಟಿದ್ದು ಚಹಾನೋ ಹಿಂಗೋ?”

ಮೂಸಿ ನೋಡಿದರೆ ಖರೆ. ಮುತ್ತವ್ವ ಒಗ್ಗರಣೆಯ ಹಿಂಗು ಇಡುತ್ತಿದ್ದ ಡಬ್ಬಿ ಅದು.

“ಮುಂದಿನ ವರ್ಷ ಪಡವಲಕಾಯಿ ಬಿಡ್ತೀನಿ, ಭಟ್ಟರ. ಈಗ ಇದನ್ನ ಸುಮ್ಮನ ತಗೋರಿ.”

ಮೂರಕ್ಕೆ ಹಾರ್ನು ಹೊಡೆಯಿತು. “ಅತ್ಯಾ, ಹೊಸ ಪುಡಿ ಅದ, ಅದನ್ನ ಹಾಕ್ಲೇನು?” ಎಂದು ಸುಲಭಾ ಕೇಳಿದಳು. ಅತ್ತೆ ಬೇಡವೆಂದು ತಲೆಯಾಡಿಸಿ ಡಬ್ಬಿಯನ್ನೇ ಒಲೆಯ ಹತ್ತಿರ ಎಳೆದುಕೊಂಡರು.

ಗೋಡೆಯಾಚೆ ಕಂಚಿನ ಬಟ್ಟಲು ಆಗಲೇ ಹಬೆಯಾಡುತ್ತಿತ್ತು. ಇಬ್ಬರೂ ಒಟ್ಟಿಗೇ ಊದಿ, ಒಟ್ಟಿಗೇ ಒಂದು ಗುಟುಕು ಎಳೆದರು. ಒಂದು ಬೆಲ್ಲದ್ದು, ಒಂದು ಸಕ್ಕರೆಯದು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಎರಡೂ ಬಾಯಿಯಲ್ಲಿ ಒಂದೇ ರುಚಿ ಇತ್ತು.

“ಹೆಂಗಾಗೇತ್ರಿ?” ಎಂದಳು ಮುತ್ತವ್ವ, ಮುಖ ಹುಳ್ಳಗೆ ಮಾಡಿ.

“ಒಂದೀಟು ಕೊತಂಬರಿ ಹಾಕಿದ್ರ ಸಾರು ಅನ್ನಬಹುದು.”

ಮುತ್ತವ್ವನ ಎಡಗಣ್ಣು ಮೊದಲು ಮುಚ್ಚಿತು. ನಗುವ ಭರಕ್ಕೆ ಬಟ್ಟಲು ತುಳುಕಿ ಲಿಂಬೆಗಿಡದ ಹಕ್ಕಿ ಪುರ್ರನೆ ಹಾರಿತು. ತುಳಸಾಬಾಯಿ ಬಶಿಯಲ್ಲಿದ್ದದ್ದನ್ನು ಕೊನೆಯ ಹನಿಯವರೆಗೆ ಕುಡಿದು ಕೆಳಗಿಟ್ಟರು.

“ಇನ್ನೊಂದ ಬಶಿ ಐತೇನ್ರಿ ನಿಮ್ಮ ಕಡೆ?”

“ಅದ. ನಿಂದು?”

“ನಂದೂ ಐತಿ.”

ಇಬ್ಬರೂ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ತಮ್ಮ ತಮ್ಮ ಒಲೆಯ ಕಡೆಗೆ ಹೋದರು.