ಎರಡನೆಯ ಆಲ್ಬಮ್ಮಿನ ಗಂಟಲು

ಇದು ನಡೆದ ಕಥೆ. ನಂಬಿಕೆ ಬಾರದಿದ್ದರೆ ಡ್ರಮ್ ಬಾರಿಸುವವನ ಅತ್ತೆಯನ್ನು ಕೇಳಿ. ಆಕೆಗೆ ಸುಳ್ಳು ಹೇಳಲು ಬರುವುದಿಲ್ಲ. ಬರುತ್ತಿದ್ದರೆ ಆ ಶನಿವಾರ ಅಳಿಯ ಹೇಗೋ ಬಚಾವಾಗುತ್ತಿದ್ದ.

ಅಳಿಯ ವೃತ್ತಿಯಲ್ಲಿ ಕ್ಷೌರಿಕ. ಕುರ್ಚಿಯಲ್ಲಿ ಕೂತವರ ಕೂದಲಿನ ಜೊತೆಗೆ ಅವರ ದನಿಯನ್ನೂ ಕತ್ತರಿಸಿ ಇಟ್ಟುಕೊಳ್ಳುವ ಚಾಳಿ ಅವನದು. ಪೋಸ್ಟ್ ಮಾಸ್ತರರ ಕೆಮ್ಮು, ವಕೀಲರ ಆಕಳಿಕೆ ಎಲ್ಲ ಅವನ ಗಂಟಲಲ್ಲಿ ಭದ್ರವಾಗಿದ್ದವು. ಸಂಜೆ ಕತ್ತರಿ ಕೆಳಗಿಟ್ಟು ಕೋಲು ಹಿಡಿದರೆ ಅವನು ಹೆವಿ ಮೆಟಲ್ ಬ್ಯಾಂಡಿನ ಡ್ರಮ್ಮರ್.

ಬ್ಯಾಂಡಿನ ಗಾಯಕ ಅವನ ಹೆಂಡತಿಯ ತಮ್ಮ. ಹಗಲೆಲ್ಲ ಕಾರು ಓಡಿಸಲು ಕಲಿಸುವ ಸಾಧು ಪ್ರಾಣಿ. ಕಲಿಯುವವರು ಗೋಡೆಗೆ ಗುದ್ದಿದರೂ "ಪರವಾಗಿಲ್ಲ, ಗೋಡೆಗೂ ಅಭ್ಯಾಸ ಆಗಿದೆ" ಎನ್ನುವವನು. ಮೈಕಿನ ಮುಂದೆ ನಿಂತರೆ ಮಾತ್ರ ಹೊಟ್ಟೆಯ ತಳದಿಂದ ಗುಡುಗು ಏಳುತ್ತಿತ್ತು. ಎಲ್ಲರೂ ಅವನನ್ನು ಕರೆಯುತ್ತಿದ್ದುದೂ ಗುಡುಗು ಎಂದೇ.

ಎಂಟು ವರ್ಷದ ಹಿಂದೆ ಬಂದ ಮೊದಲ ಆಲ್ಬಮ್ ‘ಸುತ್ತಿಗೆ’. ಆಗ ಗುಡುಗಿಗೆ ಇಪ್ಪತ್ತನಾಲ್ಕು. ಊರು, ಕೆಲಸ, ತನ್ನ ಮೂಗು, ಎಲ್ಲದರ ಮೇಲೂ ಸಿಟ್ಟು. ಆ ಸಿಟ್ಟಿಗೆ ಜನ ಮರುಳಾದರು. ಈಗ ಎರಡನೆಯ ಆಲ್ಬಮ್. ಎಂಟು ಹಾಡು ಮುಗಿದಿದ್ದವು. ಒಂಬತ್ತನೆಯದು, ‘ತುಕ್ಕು’, ಮೂರು ವಾರದಿಂದ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ನಲವತ್ತೊಂದು ಸಲ ಹಾಡಿ ನಲವತ್ತೊಂದನ್ನೂ ಗುಡುಗು ತಳ್ಳಿಹಾಕಿದ್ದ.

"ಆ ದನಿ ಬರ್ತಿಲ್ಲ ಭಾವ. ಶನಿವಾರದೊಳಗೆ ಬರದಿದ್ರೆ ಆಲ್ಬಮ್ಮೂ ಬೇಡ, ಹಾಡೋದೂ ಬೇಡ. ನಾನು ಬರೀ ಕ್ಲಚ್ಚು ಬ್ರೇಕು ಹೇಳ್ಕೊಂಡು ಇದ್ದುಬಿಡ್ತೀನಿ" ಎಂದಿದ್ದ.

ತಮಾಷೆಯ ದನಿಯಲ್ಲಿ ಹೇಳಿದ್ದರೆ ಭಾವ ಹೆದರುತ್ತಿರಲಿಲ್ಲ. ಗುಡುಗು ಅದನ್ನು ಹೇಳಿದ್ದು ಶೂ ಲೇಸು ಕಟ್ಟಿಕೊಳ್ಳುತ್ತ, ತೀರಾ ಸಮಾಧಾನವಾಗಿ.

ಸ್ಟುಡಿಯೋ ಮೊದಲು ಹಲ್ಲಿನ ಡಾಕ್ಟರರ ಕ್ಲಿನಿಕ್ ಆಗಿದ್ದ ಜಾಗ. ಒಳಗಿನ ಚೀರಾಟಕ್ಕೆ ನೆರೆಹೊರೆಯವರು ಹಿಂದಿನಿಂದಲೇ ಒಗ್ಗಿದ್ದರು. ಅಲ್ಲಿ ಗುಡುಗಿನದೇ ಒಂದು ನಿಯಮವಿತ್ತು. ಧ್ವನಿಮುದ್ರಣ ಮಾಡುವ ಸೌಂಡಕ್ಕ ಒಂದೊಂದು ಸಲ ಹಾಡಿದ ಟೇಕುಗಳನ್ನು ಇಸ್ಪೀಟಿನಂತೆ ಕಲಸಿ, ಗುರುತು ಹೇಳದೆ ಕೇಳಿಸಬೇಕು. ಗುಡುಗು ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಕೈ ಎತ್ತಿದರೆ ಅದು ಪಾಸು. "ಯಾವುದು ಅಂತ ಗೊತ್ತಿದ್ರೆ ಕಿವಿ ಪಕ್ಷಪಾತ ಮಾಡುತ್ತೆ" ಎಂಬುದು ಅವನ ವಾದ.

ಭಾವನ ಕಿತಾಪತಿಗೆ ಈ ನಿಯಮವೇ ಬಾಗಿಲಾಯಿತು. ಗುರುವಾರ ಮಧ್ಯಾಹ್ನ ಗುಡುಗು ಕಾರು ಕಲಿಸಲು ಹೋಗಿದ್ದಾಗ ಭಾವ ಮೈಕಿನ ಮುಂದೆ ನಿಂತು, ‘ಸುತ್ತಿಗೆ’ ಕಾಲದ ಗುಡುಗಿನ ಗರ್ಜನೆಯಲ್ಲಿ ‘ತುಕ್ಕು’ ಹಾಡನ್ನು ಪೂರ್ತಿ ಹಾಡಿದ. ಉದ್ದೇಶ ಇಷ್ಟೇ: ಗುಡುಗು ಇದನ್ನೂ ಬೈಯಬೇಕು, "ಬೈದಿದ್ದು ನನಗೆ ಮಾರಾಯ" ಎಂದು ತಾನು ಹೇಳಬೇಕು, ಎಲ್ಲರೂ ನಕ್ಕು ಹಗುರಾಗಬೇಕು. ಸೌಂಡಕ್ಕ "ನಂಗೆ ಏನೂ ಗೊತ್ತಿಲ್ಲಪ್ಪ" ಎನ್ನುತ್ತಲೇ ಅದನ್ನು ಶನಿವಾರ ಕೊನೆಯ ಸಲ ಕೇಳಿಸಬೇಕಿದ್ದ ಹಳೆಯವುಗಳ ಜೊತೆ ಸೇರಿಸಿದಳು.

ಶನಿವಾರ ಹನ್ನೊಂದು ಗಂಟೆ. ಗುಡುಗು ಗೋಡೆಗೆ ಮುಖ ಮಾಡಿ ಕೂತ. ಮೊದಲನೆಯದಕ್ಕೆ ಬೇಡವೆಂದು ತಲೆಯಾಡಿಸಿದ. ಎರಡು, ಮೂರು, ನಾಲ್ಕು. ಬೆನ್ನು ಬಾಗುತ್ತ ಹೋಯಿತು. ಐದನೆಯದು ಭಾವನದು. ಎರಡು ಸಾಲು ಮುಗಿಯುವ ಮೊದಲೇ ಗುಡುಗಿನ ಕೈ ಮೇಲೆದ್ದಿತು.

"ಇದೇ. ನೋಡು ಭಾವ, ಸತ್ತಿಲ್ಲ ‘ಸುತ್ತಿಗೆ’ಯ ಆ ಹುಡುಗ." ತಿರುಗಿದಾಗ ಕಣ್ಣು ಒದ್ದೆಯಾಗಿತ್ತು. "ನಾನು ಇದನ್ನ ಯಾವತ್ತು ಹಾಡಿದ್ನೋ, ನೆನಪೇ ಇಲ್ಲ."

ಭಾವ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೇಳಿದರೆ ಈ ಮುಖದ ಮೇಲಿನ ಬೆಳಕು ಆರುತ್ತದೆ, ಇನ್ನೆಂದೂ ಇವನು ಮೈಕಿನ ಹತ್ತಿರ ಸುಳಿಯಲಿಕ್ಕಿಲ್ಲ. ಹೇಳದಿದ್ದರೆ ಆಲ್ಬಮ್ಮು ಬರುತ್ತದೆ, ಆದರೆ ಇವನ ಹೆಸರಲ್ಲಿ ತನ್ನ ಗಂಟಲು ಹೋಗುತ್ತದೆ. ಮುಂದೆ ವೇದಿಕೆಯ ಮೇಲೆ ಆ ದನಿಗಾಗಿ ಇವನು ತಡಕಾಡುವುದನ್ನು ತಾನು ಹಿಂದೆ ಕೂತು ನೋಡಬೇಕಾಗುತ್ತದೆ. ಲೋಕದ ದನಿಗಳನ್ನೆಲ್ಲ ಕದ್ದವನಿಗೆ ತನ್ನ ದನಿ ಬೇಕಾದ ಹೊತ್ತಿಗೆ ಅದೇ ಇರಲಿಲ್ಲ. ಸೌಂಡಕ್ಕ ಕನ್ನಡಕ ಒರೆಸಿದ್ದನ್ನೇ ಒರೆಸುತ್ತಿದ್ದಳು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಊಟದ ಡಬ್ಬಿಯ ಸಮೇತ ಗುಡುಗಿನ ತಾಯಿ ಬಂದರು.

"ಅಮ್ಮ, ಕೂತ್ಕೋ. ಹಾಡು ಸಿಕ್ತು" ಎಂದು ಗುಡುಗು ಅದನ್ನೇ ಮತ್ತೆ ಹಾಕಿಸಿದ.

ಆಕೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಅಂಗಡಿಯ ಬಿಲ್ಲು ಪರೀಕ್ಷಿಸುವವರಂತೆ ಹುಬ್ಬು ಗಂಟಿಕ್ಕಿ ಕೇಳಿದರು. ಮುಗಿದ ಮೇಲೆ ಅಳಿಯನ ಕಡೆ ತಿರುಗಿದರು.

"ನೀವೂ ಹಾಡೋಕೆ ಶುರು ಮಾಡಿದ್ರಾ? ಗಂಟಲು ನೋವಾಗಲ್ವಾ?"

ಸೌಂಡಕ್ಕ ಕನ್ನಡಕವನ್ನು ಮೂಗಿಗೇರಿಸಿಕೊಂಡಳು.

"ಅಮ್ಮ, ಅದು ನಾನು" ಎಂದ ಗುಡುಗು.

"ನೀನು ಅರಚೋ ಮುಂಚೆ ಮೂಗಲ್ಲಿ ಉಸಿರೆಳೀತೀಯ. ತೊಟ್ಟಿಲಲ್ಲಿದ್ದಾಗ್ಲಿಂದ ಹಾಗೇ. ಇದು ಬಾಯಲ್ಲಿ ಎಳೆದಿದ್ದು."

ಗುಡುಗು ನಿಧಾನವಾಗಿ ಭಾವನ ಕಡೆ ನೋಡಿದ. ಭಾವ ತಲೆ ಎತ್ತಲಿಲ್ಲ. "ಗುರುವಾರ," ಎಂದ. "ತಮಾಷೆಗೆ. ನೀನು ಬೈತೀಯ ಅಂದ್ಕೊಂಡಿದ್ದೆ. ನೀನು ನೋಡಿದ್ರೆ ಕೈ ಎತ್ತಿಬಿಟ್ಟೆ."

ಗುಡುಗು ಮತ್ತೆ ಗೋಡೆಗೆ ಮುಖ ಮಾಡಿ ಕೂತ. "ಸೌಂಡಕ್ಕ, ಅದರ ಹಿಂದಿಂದು ಹಾಕು" ಎಂದ.

ನಾಲ್ಕನೆಯದು. ದನಿ ದೊರಗು, ಗರ್ಜನೆ ಅರ್ಧಕ್ಕೆ ಒಡೆಯುತ್ತಿತ್ತು, ಒಡೆದ ಕಡೆ ಬರಿಯ ಮಾತಿನಂತೆ ಕೇಳುತ್ತಿತ್ತು. ‘ಬಿಚ್ಚಿಟ್ಟ ಬೋಲ್ಟಿಗೂ ವಯಸ್ಸಾಗುತ್ತದೆ’ ಎಂಬ ಸಾಲು ಸಿಟ್ಟಿಲ್ಲದೆ ಬಂದು, ಕೇಳುವವರ ಪಕ್ಕದಲ್ಲೇ ಕೂತಿತು. ಮೂರು ವಾರದಲ್ಲಿ ಭಾವ ಆ ಸಾಲನ್ನು ಸರಿಯಾಗಿ ಕೇಳಿದ್ದು ಅದೇ ಮೊದಲು. ಇದನ್ನು ಮಿಮಿಕ್ರಿ ಮಾಡಬೇಕೆಂದರೆ ಎಲ್ಲಿಂದ ಹಿಡಿಯಬೇಕೋ ಅವನಿಗೆ ತಿಳಿಯಲಿಲ್ಲ.

"ಇದು ಇವನು. ಅಡ್ಡಿಯಿಲ್ಲ, ಪದಗಳಾದ್ರೂ ತಿಳೀತವೆ" ಎನ್ನುತ್ತ ತಾಯಿ ಡಬ್ಬಿಯ ಮುಚ್ಚಳ ತೆಗೆಯತೊಡಗಿದರು.

ಗುಡುಗು ಮುಖ ಉಜ್ಜಿಕೊಂಡ. "ಭಾವ, ಮೂರು ವಾರದಿಂದ ನಾನು ಗಂಟಲು ಕಿತ್ತುಕೊಂಡು ನನ್ನದೇ ಮಿಮಿಕ್ರಿ ಮಾಡ್ತಿದ್ದೆ. ಅದರಲ್ಲೂ ನೀನೇ ಫಸ್ಟು, ನಾನು ಫೇಲು."

"ಬೈದುಬಿಡು ಮಾರಾಯ."

"ಯಾಕೆ ಬೈಲಿ? ಆ ಇಪ್ಪತ್ತನಾಲ್ಕರ ಹುಡುಗ ನಿನ್ನ ಹತ್ರಾನೇ ಇರಲಿ. ಕೂದಲು ಕತ್ತರಿಸುವಾಗ ಜನಕ್ಕೆ ಕೇಳಿಸು. ಅಕ್ಕ, ನಾಲ್ಕನೇದು ಆಲ್ಬಮ್ಮಿಗೆ."

ಸೌಂಡಕ್ಕ ಬರೆದುಕೊಂಡಳು. ಗುಡುಗಿನ ಭುಜ ಅಲುಗಿತು. ಅಳುತ್ತಿದ್ದಾನೆಂದು ಭಾವ ಗಾಬರಿಯಿಂದ ಎದ್ದ. ಆದರೆ ಹೊರಬಿದ್ದದ್ದು ನಗು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಸೌಂಡಕ್ಕ ಕೈಯಡ್ಡ ಇಟ್ಟುಕೊಂಡು ನಕ್ಕಳು, ತಾಯಿ ಕಾರಣ ತಿಳಿಯದೆಯೂ ನಕ್ಕರು, ಭಾವನೂ ಅಳುಕುತ್ತಲೇ ಸೇರಿಕೊಂಡ. ಅವರ್ಯಾರ ನಗುವೂ ಕೇಳಿಸದಷ್ಟು ಜೋರಾಗಿ ಗುಡುಗು ನಗುತ್ತಿದ್ದ.